ಜೇನಿನ ಡಬ್ಬಿಯೊಳಗಿನ ಕೈ

ಕುಂಚಣ್ಣನಿಗೆ ಕೈ ಬರೆಯಲು ಬರುತ್ತಿರಲಿಲ್ಲ.

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದೇ ಸಂಸಾರ ಸಾಗಿಸುವ ಮನುಷ್ಯನಿಗೆ ಇದೇನು ಸಣ್ಣ ಕೊರತೆಯಲ್ಲ. ಮುಖ ಕೊಟ್ಟರೆ ಎರಡು ಗೆರೆಯಲ್ಲಿ ಅದನ್ನು ನಗಿಸುತ್ತಿದ್ದ, ಮೂರನೆಯದರಲ್ಲಿ ಅಳಿಸುತ್ತಿದ್ದ. ಆನೆ, ಒಂಟೆ, ಮಳೆಯಲ್ಲಿ ನೆನೆದ ಕೋಳಿ, ಯಾವುದಕ್ಕೂ ಹಿಂಜರಿದವನಲ್ಲ. ಆದರೆ ತೋಳಿನುದ್ದಕ್ಕೂ ಸಲೀಸಾಗಿ ಇಳಿದು ಬಂದ ಕುಂಚ ಮಣಿಕಟ್ಟಿನ ಹತ್ತಿರ ಗಕ್ಕನೆ ನಿಂತುಬಿಡುತ್ತಿತ್ತು. ಬಲವಂತ ಮಾಡಿ ಮುಂದಕ್ಕೆ ತಳ್ಳಿದರೆ ಕಾಗದದ ಮೇಲೆ ಮೂಡುತ್ತಿದ್ದುದು ಒಂದು ಚಿಪ್ಪು ಬಾಳೆಹಣ್ಣು.

ಹೀಗಾಗಿ ಹದಿನೇಳು ವರ್ಷಗಳಿಂದ ಅವನು ಕೈಗಳನ್ನು ಬಚ್ಚಿಡುತ್ತಾ ಬಂದಿದ್ದ. ಅವನ ರಾಜ ಶಾಲಿನೊಳಗೆ ಕೈ ತೂರಿಸಿಕೊಂಡೇ ಯುದ್ಧ ಸಾರುತ್ತಿದ್ದ. ಮಂತ್ರಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದ. ಅಜ್ಜಿಯರು ಸುಡುಬಿಸಿಲಿನಲ್ಲೂ ಕಂಬಳಿ ಹೊದ್ದು ಕತೆ ಹೇಳುತ್ತಿದ್ದರು. ಕರಡಿಯ ಕೈ ಹನ್ನೆರಡು ಪುಟಗಳುದ್ದಕ್ಕೂ ಜೇನಿನ ಡಬ್ಬಿಯಲ್ಲೇ ಇತ್ತು. ಪಾದದ ಕತೆಯೂ ಅಷ್ಟಕ್ಕಷ್ಟೇ, ಆದರೆ ಅದಕ್ಕೆ ಹುಲ್ಲು ಬೆಳೆಸಿಬಿಟ್ಟರೆ ಆಗುತ್ತಿತ್ತು. ಈ ಗುಟ್ಟು ಲೋಕದಲ್ಲಿ ಅವನ ಹೆಂಡತಿಯೊಬ್ಬಳಿಗೇ ಗೊತ್ತಿತ್ತು.

ಆರು ದಿನಗಳ ಹಿಂದೆ ಪ್ರಕಾಶನದಿಂದ ಒಂದು ದಪ್ಪ ಲಕೋಟೆ ಬಂತು. ಮೇಲೆ ಸಂಪಾದಕಿಯ ಚೀಟಿ: ‘ಹೊಸ ಪುಸ್ತಕ, ಹೆಸರು “ಪುಟ್ಟಿಯ ಎರಡು ಕೈ”. ಪುಸ್ತಕದ ತುಂಬ ಕೈಗಳದ್ದೇ ಆಟ. ಗುರುವಾರ ನಾಲ್ಕು ಗಂಟೆಗೆ ಒಂದು ಮಾದರಿ ಚಿತ್ರ ತನ್ನಿ. ನೀವೇ ಬರೆಯಬೇಕು ಅಂತ ನನ್ನ ಹಟ. ಮೇಲಿನವರು ಮಾದರಿ ಒಪ್ಪದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ.’

ಕುಂಚಣ್ಣ ಹೆಸರು ಓದಿದ. ಇನ್ನೊಂದು ಸಲ ಓದಿದ. ಒಳಗಿದ್ದ ಕತೆಯ ಹಾಳೆಗಳನ್ನು ಬಿಚ್ಚುವ ಧೈರ್ಯವಾಗದೆ ಲಕೋಟೆಯನ್ನು ಹಾಗೇ ಮೇಜಿನ ಡ್ರಾಯರಿಗೆ ಹಾಕಿ, ಒಳಗೆ ಹಾವು ಮಲಗಿದೆಯೇನೋ ಎಂಬಂತೆ ಮೆಲ್ಲಗೆ ಮುಚ್ಚಿದ. ಅದು ಮತ್ತೆ ತೆರೆಯಲೇ ಇಲ್ಲ. ಗುರುವಾರ ಮಾತ್ರ ಹೇಳಿದ ದಿನಕ್ಕೆ ಬಂತು.

“ಹೋಗಿ ನಿಜ ಹೇಳಿಬಿಡಿ” ಎಂದಳು ಲೈಬ್ರರಿ ಕೆಲಸಕ್ಕೆ ಹೊರಟಿದ್ದ ಹೆಂಡತಿ, ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಾ. “ಕೈ ಬರೆಯೋಕೆ ಬರಲ್ಲ ಮೇಡಂ ಅಂದ್ರೆ ಅವರೇನು ನುಂಗಿಬಿಡ್ತಾರಾ?”

“ಹದಿನೇಳು ವರ್ಷ ಆದ್ಮೇಲೆ ಹೇಗೆ ಹೇಳಲಿ ಕಣೇ? ಇಷ್ಟು ದಿನ ಮೋಸ ಮಾಡಿದ ಹಾಗೆ ಆಗಲ್ವಾ?”

“ಹಾಗಾದ್ರೆ ಕೂತು ಕಲೀರಿ. ಊರಲ್ಲಿ ಕೈಗೇನು ಬರಗಾಲನಾ?”

“ನಿನ್ನ ಕೈ ಒಂದು ಗಳಿಗೆ ಕೊಡು ಮತ್ತೆ.”

“ನನ್ನ ಕೈ ಖಾಲಿ ಇದ್ದಿದ್ದನ್ನ ನೀವು ಯಾವತ್ತಾದ್ರೂ ನೋಡಿದ್ದೀರಾ ರೀ?” ಎಂದು ಅವಳು ಹೊರಟೇಹೋದಳು.

ಕುಂಚಣ್ಣ ತನ್ನ ಎಡಗೈಯನ್ನೇ ಮೇಜಿನ ಮೇಲಿಟ್ಟುಕೊಂಡು ಕೂತ. ಫೋಟೋ ತೆಗೆಸಿಕೊಳ್ಳಲು ನಿಂತವರ ಹಾಗೆ ಅದು ಸೆಟೆದುಕೊಂಡಿತು. ಹತ್ತೂವರೆಯ ಹೊತ್ತಿಗೆ ನೆಲದ ಮೇಲೆ ಒಂಬತ್ತು ಚಿಪ್ಪು ಬಾಳೆಹಣ್ಣು ಬಿದ್ದಿದ್ದವು. ಬೇರೆಯವರ ಕೈ, ಅದೂ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುವ ಕೈ ಬೇಕು ಅನ್ನಿಸಿತು. ಕೆಳಗಡೆ ಟೈಲರಮ್ಮನ ಅಂಗಡಿಯಿತ್ತು. ಅಂಗಿಯೊಂದರ ಗುಂಡಿಯನ್ನು ತಾನೇ ಕಿತ್ತು, ಜೇಬಿಗೆ ಪುಟ್ಟ ನೋಟ್‌ಬುಕ್ಕು ಸೇರಿಸಿಕೊಂಡು ಮೆಟ್ಟಿಲಿಳಿದ.

ಮೆಟ್ಟಿಲ ಮೇಲೆ ನಿವೃತ್ತ ಪೋಸ್ಟ್‌ಮಾಸ್ಟರ ಮೊಮ್ಮಗಳು ಅವನದೇ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದಳು.

“ಅಂಕಲ್, ಕರಡಿ ಕೈ ಎಲ್ಲಿದೆ ಅಂತ ನಂಗೊತ್ತು” ಎಂದಳು, ಕಣ್ಣು ಮಿಟುಕಿಸಿ. “ಜೇನಿನ ಡಬ್ಬೀಲಿ!”

ಐದು ವರ್ಷದ ಕೂಸಿಗೂ ತಿಳಿದುಹೋಯಿತೇ! “ಶ್, ಯಾರಿಗೂ ಹೇಳ್ಬೇಡ ಪುಟ್ಟಾ” ಎಂದು ಕುಂಚಣ್ಣ ಗೋಡೆಗೆ ಒತ್ತಿಕೊಂಡೇ ಜಾರಿ ಇಳಿದ.

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ಆ ಬೆರಳುಗಳನ್ನು ಕಂಡು ಕುಂಚಣ್ಣನಿಗೆ ಗುಂಡಿ ಮರೆತೇಹೋಯಿತು. ಎರಡು ಬೆರಳು ಸೂಜಿ ಹಿಡಿದಿದ್ದವು, ಎರಡು ದಾರವನ್ನು ನೀವುತ್ತಿದ್ದವು, ಕಿರುಬೆರಳು ತನಗೆ ಕೆಲಸವಿಲ್ಲವೆಂದು ದೂರ ನಿಂತಿತ್ತು. ಗುಂಡಿ ಹಾಕಿ ಮುಗಿಯುತ್ತಲೇ ಅವನು ತಡವರಿಸಿದ.

“ಅಮ್ಮಾ, ಒಂದು ನಿಮಿಷ ನಿಮ್ಮ ಕೈ ತೋರಿಸ್ತೀರಾ?”

ಟೈಲರಮ್ಮ ಅನುಮಾನದಿಂದಲೇ ಕೈ ಚಾಚಿದಳು. ಅವನು ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ, ಅಂಗೈ ನೋಡಿದ, ಮಗುಚಿ ನೋಡಿದ, ನಿಟ್ಟುಸಿರಿಟ್ಟ, ನೋಟ್‌ಬುಕ್ಕು ತೆಗೆದು ಗೀಚತೊಡಗಿದ. ಟೈಲರಮ್ಮನ ಮುಖ ನಿಧಾನಕ್ಕೆ ಅರಳಿತು.

“ಅಯ್ಯೋ ಕುಂಚಣ್ಣಾ, ನಿಮಗೆ ಭವಿಷ್ಯ ಹೇಳೋಕೆ ಬರುತ್ತಾ? ಇಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದು ಬಾಯಿಬಿಟ್ಟಿಲ್ಲ ನೋಡಿ!”

ಇಲ್ಲ ಎನ್ನಬೇಕಿತ್ತು. ಆದರೆ ಇಲ್ಲವೆಂದರೆ ಮತ್ತೇಕೆ ಕೈ ಹಿಡಿದಿರಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕೊಟ್ಟರೆ ಗುಟ್ಟು ಸಂಜೆಯೊಳಗೆ ಬೀದಿಯ ಕೊನೆ ಮುಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ ಆ ಕೈ ಹಿಂದಕ್ಕೆ ಹೋಗುತ್ತದೆ.

“ಏನೋ ಸ್ವಲ್ಪ ಸ್ವಲ್ಪ” ಎಂದುಬಿಟ್ಟ. “ಅಲ್ಲಾಡಿಸ್ಬೇಡಿ. ಅಲ್ಲಾಡಿದ್ರೆ ಭವಿಷ್ಯ ಕದಡಿಹೋಗುತ್ತೆ.”

ಟೈಲರಮ್ಮ ಉಸಿರು ಬಿಗಿಹಿಡಿದು ಕಲ್ಲಿನಂತೆ ಕೂತಳು. ಕುಂಚಣ್ಣನಿಗೆ ಜೀವಮಾನದಲ್ಲಿ ಇಂಥ ಮಾದರಿ ಸಿಕ್ಕಿರಲಿಲ್ಲ. ಐದು ನಿಮಿಷ ಬರೆದ. ಸುಮ್ಮನೆ ಎದ್ದುಹೋದರೆ ಚೆನ್ನಾಗಿರುವುದಿಲ್ಲವೆಂದು ಏನಾದರೂ ಹೇಳಲು ಸುತ್ತ ನೋಡಿದ. ಚಿತ್ರಗಾರನ ಕಣ್ಣು, ಬಟ್ಟೆರಾಶಿಯ ಅಡಿಯಿಂದ ಒಂದು ಕತ್ತರಿಯ ಹಿಡಿ ಇಣುಕುವುದನ್ನು ಹಿಡಿದುಕೊಂಡಿತು.

“ನಿಮ್ಮದೇನೋ ಒಂದು ವಸ್ತು ಕಳೆದಿದೆ. ಕಬ್ಬಿಣದ್ದು. ಅಂಗಡಿ ಬಿಟ್ಟು ಹೋಗಿಲ್ಲ. ಬಟ್ಟೆ ಇರೋ ಕಡೆ ಹುಡುಕಿ.”

“ನನ್ನ ಕತ್ತರಿ!” ಟೈಲರಮ್ಮ ಚೀರಿದ್ದು ಮೂರನೆಯ ಮಹಡಿಗೆ ಕೇಳಿಸಿತು. “ನಾಲ್ಕು ದಿನದಿಂದ ಹುಡುಕ್ತಾ ಇದ್ದೀನಿ!”

ಕುಂಚಣ್ಣ ಮನೆಗೆ ಬಂದು ಬಾಗಿಲು ಹಾಕಿಕೊಂಡ. ಬಾಳೆಹಣ್ಣು ಈಗ ಸ್ವಲ್ಪ ಬೆರಳಿನಂತೆ ಕಾಣುತ್ತಿತ್ತು. ಇನ್ನೊಂದೆರಡು ಕೈ ಸಿಕ್ಕರೆ ದಾರಿ ಹತ್ತಬಹುದು ಎಂದುಕೊಳ್ಳುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಪೋಸ್ಟ್‌ಮಾಸ್ಟರು ನಿಂತಿದ್ದರು, ಬಲಗೈ ಮುಂದಕ್ಕೆ ಚಾಚಿಕೊಂಡು. ಅವರ ಹಿಂದೆ ಕಟ್ಟಡದ ಸಂಘದ ಕಾರ್ಯದರ್ಶಿಗಳು. ಅವರ ಹಿಂದೆ ಮೆಟ್ಟಿಲ ತಿರುವಿನ ತನಕ ಬರೀ ಕೈಗಳು.

“ನೂಕಾಡ್ಬೇಡಿ, ನಂಬರ್ ಪ್ರಕಾರ ಬನ್ನಿ!” ಎಂದು ಪೋಸ್ಟ್‌ಮಾಸ್ಟರು ಹಿಂದಕ್ಕೆ ತಿರುಗಿ ಗದರಿದರು. ಮೂವತ್ತೈದು ವರ್ಷ ಕೌಂಟರಿನ ಹಿಂದೆ ಕೂತಿದ್ದ ಮನುಷ್ಯ. ಆಗಲೇ ಹಳೆಯ ಲಕೋಟೆಗಳನ್ನು ಹರಿದು ನಂಬರು ಬರೆದು ಹಂಚಿಬಿಟ್ಟಿದ್ದರು. ಒಂದನೇ ನಂಬರು ತಮ್ಮಲ್ಲೇ ಇಟ್ಟುಕೊಂಡಿದ್ದರು.

ಹೊರಗೆ ದಬ್ಬಲು ಕುಂಚಣ್ಣನಿಗೆ ಮನಸ್ಸು ಬರಲಿಲ್ಲ. ದಬ್ಬುವುದಿರಲಿ, ಆ ಸಾಲನ್ನು ನೋಡಿ ಬಾಯಲ್ಲಿ ನೀರೂರಿತು. ಒಣಕಲು ಕೈ, ದುಂಡು ಕೈ, ಉಗುರು ಕಚ್ಚಿದ ಕೈ, ಹಿಟ್ಟು ಮೆತ್ತಿದ ಕೈ! ಕಿಟಕಿಯ ಹತ್ತಿರ ಕುರ್ಚಿ ಎಳೆದು ಕೂತೇಬಿಟ್ಟ.

ಮೊದಲು ಪೋಸ್ಟ್‌ಮಾಸ್ಟರು. ಅವರ ಹೆಬ್ಬೆರಳಿನ ಬುಡದಲ್ಲಿ ಮುದ್ರೆ ಒತ್ತಿ ಒತ್ತಿ ಗಟ್ಟಿಯಾದ ಚರ್ಮವಿತ್ತು. ಹಿಂದಿನವರಿಗೆ ಕೇಳದಂತೆ ದನಿ ತಗ್ಗಿಸಿ, “ಚುನಾವಣೆ ಬಗ್ಗೆ ಏನಾದ್ರೂ ಕಾಣ್ಸುತ್ತಾ? ಮುಂದಿನ ವಾರ ಸಂಘದ ಚುನಾವಣೆ. ನಾನು ನಿಲ್ತೀನಿ ಅಂತ ಇನ್ನೂ ಯಾರಿಗೂ ಹೇಳಿಲ್ಲ” ಎಂದರು.

ಕುಂಚಣ್ಣ ಅವರ ಉಂಗುರಬೆರಳಿನ ಗೆಣ್ಣಿನಲ್ಲಿ ಮುಳುಗಿದ್ದ. “ಹ್ಞಾಂ... ಗೆಲುವು ಇದೆ.”

ಎರಡನೆಯವರು ಕಾರ್ಯದರ್ಶಿಗಳು. ಅವರದು ಮಗುವಿನದರಂತೆ ಮೆತ್ತನೆಯ, ಗುಳಿ ಬೀಳುವ ಕೈ. “ಈ ಸಲಾನೂ ನಾನೇ ಬರ್ತೀನಾ?” ಎಂದು ಕೇಳಿದರು. ಗುಳಿಗಳ ನೆರಳು ಹಿಡಿಯುವ ಭರದಲ್ಲಿದ್ದ ಕುಂಚಣ್ಣ, “ಹ್ಞಾಂ... ಗೆಲುವು ಇದೆ” ಎಂದ.

ಹೀಗೆ ಹನ್ನೊಂದು ಜನರಿಗೆ ಹನ್ನೊಂದು ಶುಭ ನುಡಿದ. ಕೆಡುಕು ಹೇಳಿದರೆ ಕೈ ನಡುಗುತ್ತದೆ, ನಡುಗಿದರೆ ಚಿತ್ರ ಕೆಡುತ್ತದೆ ಎಂಬುದನ್ನು ಅವನು ಬೇಗನೆ ಕಂಡುಕೊಂಡಿದ್ದ. ಆದರೂ ಏನೋ ಕೊರತೆ. ಪ್ರತಿ ಕೈಯಲ್ಲೂ ನಾಲ್ಕು ಬೆರಳು ಸರಿಯಾಗಿ ಬಂದು, ಹೆಬ್ಬೆರಳು ಮಾತ್ರ ಬೇರೆ ಮನೆಯಿಂದ ಬಂದು ಕೂತ ನೆಂಟನಂತೆ ಕಾಣುತ್ತಿತ್ತು.

ಅಷ್ಟರಲ್ಲಿ ಮೇಲಿನ ಮನೆಯ ನರ್ಸಕ್ಕ ಕೆದರಿದ ತಲೆಯಲ್ಲಿ ಇಳಿದು ಬಂದಳು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗಿದವಳು.

“ಏನ್ರೀ ಇದು ಸಂತೆ? ಮನುಷ್ಯರು ನಿದ್ದೆ ಮಾಡ್ಬೇಕೋ ಬೇಡ್ವೋ?”

“ನಂಬರ್ ತಗೊಂಡು ಬನ್ನಿ” ಎಂದರು ಪೋಸ್ಟ್‌ಮಾಸ್ಟರು.

ಅವಳ ಒಂದು ನೋಟಕ್ಕೇ ಪೋಸ್ಟ್‌ಮಾಸ್ಟರು ಪಕ್ಕಕ್ಕೆ ಸರಿದರು. ನರ್ಸಕ್ಕ ಸೀದಾ ಒಳಗೆ ಬಂದು ನೋಟ್‌ಬುಕ್ಕನ್ನು ಕಿತ್ತುಕೊಂಡು ಪುಟ ಮಗುಚಿದಳು. ಬಾಗಿಲನ್ನು ಕಾಲಿನಿಂದಲೇ ಮುಚ್ಚಿ, ದನಿ ಇಳಿಸಿದಳು.

“ಇದು ಭವಿಷ್ಯ ಅಲ್ಲ, ಬೆರಳು.”

ಕುಂಚಣ್ಣನ ಹದಿನೇಳು ವರ್ಷದ ಭಾರ ಒಮ್ಮೆಗೇ ಬಾಯಿಂದ ಹೊರಬಿತ್ತು. “ಅಕ್ಕಾ, ನಂಗೆ ಕೈ ಬರೆಯೋಕೆ ಬರಲ್ಲ. ನಾಲ್ಕು ಗಂಟೆಗೆ ಚಿತ್ರ ಕೊಡ್ಬೇಕು. ಕೊಡದಿದ್ರೆ ಪುಸ್ತಕ ಹೋಯ್ತು, ಮರ್ಯಾದೆನೂ ಹೋಯ್ತು. ದಯವಿಟ್ಟು ಯಾರಿಗೂ ಹೇಳ್ಬೇಡಿ.”

ನರ್ಸಕ್ಕ ಅವನನ್ನು ನೋಡಿದಳು, ಚಿತ್ರ ನೋಡಿದಳು. ಆಮೇಲೆ ಅವನ ಎಡಗೈಯನ್ನು ಇಂಜೆಕ್ಷನ್ ಕೊಡುವವಳ ಹಾಗೆ ಗಟ್ಟಿಯಾಗಿ ಹಿಡಿದು, ಮಣಿಕಟ್ಟಿನ ಒಳಬದಿಗೆ ಬೆರಳೊತ್ತಿದಳು.

“ಹೆಬ್ಬೆರಳು ಅಂಗೈ ಪಕ್ಕದಲ್ಲಿ ಅಂಟಿಸಿದ್ದಲ್ಲ. ಇಲ್ಲಿಂದ, ಮಣಿಕಟ್ಟಿನಿಂದ ಶುರು. ನೀವು ಮಧ್ಯದಲ್ಲೆಲ್ಲೋ ನೆಡ್ತಾ ಇದ್ದೀರಿ. ಆಡಿಸಿ ನೋಡಿ.”

ಕುಂಚಣ್ಣ ಹೆಬ್ಬೆರಳು ಆಡಿಸಿದ. ಬುಡದಿಂದಲೇ ಇಡೀ ದಿಬ್ಬ ಕದಲಿತು. ನಲವತ್ತಾರು ವರ್ಷ ತನ್ನ ಜೊತೆಯಲ್ಲೇ ಇದ್ದ ಬೆರಳನ್ನು ಅವನು ಅಂದು ಮೊದಲ ಬಾರಿಗೆ ನೋಡಿದ. ಪೆನ್ಸಿಲು ಓಡಿತು. ಕಾಗದದ ಮೇಲೆ ಒಂದು ಕೈ ಮೂಡಿತು, ಬೆರಳು ಮಡಚಿ ಏನನ್ನೋ ಕೇಳುತ್ತಿರುವ ನಿಜವಾದ ಕೈ. ಕುಂಚಣ್ಣನ ಕಣ್ಣು ಮಂಜಾಯಿತು.

“ಅಕ್ಕಾ, ನೀವು ದೇವರು.”

“ದೇವರಿಗೂ ನಿದ್ದೆ ಬೇಕು. ಎಲ್ಲರಿಗೂ ಏನೇನೋ ಹೇಳಿದ್ರಲ್ಲ, ನಂಗೂ ಒಂದು ಹೇಳಿ. ಸುಳ್ಳಾದ್ರೂ ಪರವಾಗಿಲ್ಲ.”

“ಇವತ್ತು ನಿಮಗೆ ಗಾಢ ನಿದ್ದೆ ಇದೆ.”

ಅದೇ ಗಳಿಗೆಗೆ ಹೊರಗೆ ಗಲಾಟೆ ಎದ್ದಿತು. ನರ್ಸಕ್ಕ ಹಣೆ ಬಡಿದುಕೊಂಡು ಬಾಗಿಲು ತೆಗೆದಳು.

ಮೆಟ್ಟಿಲ ಮೇಲೆ ಕಾದು ಕಾದು ಬೇಸತ್ತ ಜನ ತಮ್ಮ ತಮ್ಮ ಭವಿಷ್ಯಗಳನ್ನು ಹೋಲಿಸಿ ನೋಡಿದ್ದರು. ಇರುವುದು ಒಂದೇ ಕುರ್ಚಿ, ಗೆಲುವು ಇಬ್ಬರಿಗೆ. ಪೋಸ್ಟ್‌ಮಾಸ್ಟರೂ ಕಾರ್ಯದರ್ಶಿಗಳೂ ಒಬ್ಬರ ಮುಂದೊಬ್ಬರು ನಿಂತಿದ್ದರು.

“ಹಾಗಾದ್ರೆ ನೀವು ನನ್ನ ವಿರುದ್ಧ ನಿಲ್ತೀರಾ? ಬೆಳಿಗ್ಗೆ ತಾನೇ ನಮ್ಮನೇಲಿ ಟೀ ಕುಡಿದ್ರಲ್ರೀ!”

“ಟೀ ಕುಡಿದ್ರೆ ಸಂಘ ಬರೆದುಕೊಟ್ಟ ಹಾಗಾಯ್ತಾ? ಮಹಡಿ ಮೇಲಿನ ಟ್ಯಾಂಕ್ ಎರಡು ವರ್ಷದಿಂದ ಸೋರ್ತಾ ಇದೆ!”

ಕಾರ್ಯದರ್ಶಿಗಳು ಬೆರಳು ತೋರಿಸಿದರು. ಪೋಸ್ಟ್‌ಮಾಸ್ಟರು ಆ ಕೈಯನ್ನು ಗಪ್ಪನೆ ಹಿಡಿದುಕೊಂಡರು. ಒಣಗಿದ, ನರ ಉಬ್ಬಿದ ಮುದಿ ಕೈಯೊಳಗೆ ಗುಳಿ ಬೀಳುವ ದುಂಡು ಕೈ!

“ಹಾಗೇ ಇರಿ! ಯಾರೂ ಅಲ್ಲಾಡ್ಬೇಡಿ!” ಎಂದು ಕುಂಚಣ್ಣ ಕಟ್ಟಡ ನಡುಗುವಂತೆ ಕೂಗಿದ. “ನಿಜವಾಗಿ ಗೆಲ್ಲೋದು ಯಾರು ಅಂತ ಈಗ ಗೊತ್ತಾಗುತ್ತೆ!”

ಇಬ್ಬರೂ ಹಾಗೇ ನಿಂತರು. ಐದು ನಿಮಿಷವಾಯಿತು, ಹತ್ತಾಯಿತು. ಕೋಪವೆಂಬುದು ಅಷ್ಟು ಹೊತ್ತು ನಿಲ್ಲುವ ವಸ್ತುವಲ್ಲ. “ತೋಳು ನೋಯ್ತಾ ಇದೆಯೇನ್ರೀ?” ಎಂದು ಕಾರ್ಯದರ್ಶಿಗಳೇ ಕೊನೆಗೆ ಕೇಳಿದರು. “ಸ್ವಲ್ಪ” ಎಂದರು ಪೋಸ್ಟ್‌ಮಾಸ್ಟರು. ಕುಂಚಣ್ಣನ ಹಾಳೆಯಲ್ಲಿ ಮುದಿ ಕೈ ಅಜ್ಜಿಯದಾಗಿತ್ತು, ದುಂಡು ಕೈ ಕಿರಿದಾಗಿ ಪುಟ್ಟಿಯದಾಗಿತ್ತು. ಜಗಳದ ಸುಳಿವೇ ಇರಲಿಲ್ಲ. ಅಜ್ಜಿ ಮೊಮ್ಮಗಳನ್ನು ಬೀದಿ ದಾಟಿಸುತ್ತಿದ್ದಳು.

“ಯಾರ್ರೀ ಗೆಲ್ಲೋದು?” ಎಂದು ಯಾರೋ ಕೇಳಿದರು. ಕುಂಚಣ್ಣ ಆಗಲೇ ಬಣ್ಣದ ಪೆಟ್ಟಿಗೆ ಬಿಚ್ಚಿ ಕೂತಿದ್ದ. ಮೂರೂಕಾಲಿಗೆ ಬಣ್ಣ ಮುಗಿಯಿತು. ಒದ್ದೆ ಚಿತ್ರವನ್ನು ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು, ಬಸ್ಸಿನಲ್ಲಿ ಯಾರಿಗೂ ಒರಗದೆ, ಯಾರನ್ನೂ ಒರಗಗೊಡದೆ, ನಾಲ್ಕಕ್ಕೆ ಐದು ನಿಮಿಷವಿರುವಾಗ ಪ್ರಕಾಶನದ ಬಾಗಿಲು ತಲುಪಿದ.

ಸಂಪಾದಕಿ ಕನ್ನಡಕವನ್ನು ತಲೆಯ ಮೇಲಿಂದ ಮೂಗಿಗೆ ಇಳಿಸಿ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಕುಂಚಣ್ಣನಿಗೆ ಗೋಡೆಯ ಗಡಿಯಾರದ ಸದ್ದು ತನ್ನ ಎದೆಯೊಳಗಿಂದಲೇ ಬರುತ್ತಿರುವಂತಿತ್ತು.

“ಎಷ್ಟು ಚೆನ್ನಾಗಿದೆ ಸರ್! ಈ ಕೈ ನೋಡಿದ್ರೆ ನಮ್ಮಜ್ಜಿ ನೆನಪಾಗ್ತಾಳೆ.”

ಹದಿನೇಳು ವರ್ಷದಲ್ಲಿ ಮೊದಲ ಸಲ ಕುಂಚಣ್ಣ ಅವಳ ಎದುರಿಗೆ ಕುರ್ಚಿಗೆ ಪೂರ್ತಿ ಒರಗಿ ಕೂತ.

“ಆದ್ರೆ ಇದನ್ನ ಹಾಕೋಕಾಗಲ್ಲ.”

ಕುಂಚಣ್ಣ ಮತ್ತೆ ಕುರ್ಚಿಯ ತುದಿಗೆ ಬಂದ.

“ನೀವು ಕತೆ ಓದಿದ್ರಿ ತಾನೇ?”

“ಓದದೆ ಇರ್ತೀನಾ ಮೇಡಂ! ಅಂದ್ರೆ, ಹೆಸರು ಓದಿದೆ.”

ಸಂಪಾದಕಿ ನಕ್ಕಳು. ಬೀರುವಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ಅವನ ಮುಂದೆ ಬೋರಲು ಹಾಕಿದಳು. ಓರೆಕೋರೆ ಅಕ್ಷರದ ನೂರಾರು ಪತ್ರಗಳು. ‘ರಾಜನ ಕೈ ಶಾಲಿನಲ್ಲಿ ಸಿಕ್ಕಿತು.’ ‘ಮಂತ್ರಿ ಕೈಯನ್ನು ನನಗಿಂತ ಮೊದಲು ತಂಗಿ ಕಂಡುಹಿಡಿದಳು.’ ‘ಕರಡಿ ಕೈ ಜೇನಿನ ಡಬ್ಬಿಯಲ್ಲಿದೆ, ನಾನೇ ಗೆದ್ದೆ.’

“ನಿಮ್ಮ ಪುಸ್ತಕ ಸಿಕ್ಕ ಕೂಡಲೇ ಮಕ್ಕಳು ಮೊದಲು ಮಾಡೋದು ಕೈ ಹುಡುಕೋದು ಸರ್. ಹದಿನೇಳು ವರ್ಷದಿಂದ ಯಾರಿಗೂ ಹೇಳದೆ ಮಕ್ಕಳ ಜೊತೆ ಕಣ್ಣಾಮುಚ್ಚಾಲೆ ಆಡ್ತಾ ಬಂದಿದ್ದೀರಲ್ಲ! ಅದಕ್ಕೇ ಈ ಕತೆ ಬರೆಸಿದ್ದು. ಪುಟ್ಟಿ ಕೈ ತೊಳೆಯಲ್ಲ ಅಂತ ಅವಳ ಕೈಗಳು ಮುನಿಸಿಕೊಂಡು ಅಡಗಿಬಿಡ್ತವೆ. ಪ್ರತಿ ಪುಟದಲ್ಲೂ ಮಕ್ಕಳು ಹುಡುಕಬೇಕು. ಒಂದೇ ಒಂದು ಕೈಯೂ ಕಾಣಿಸಬಾರದು. ಇದನ್ನ ನಿಮ್ಮನ್ನ ಬಿಟ್ಟು ಯಾರು ಬರೀತಾರೆ?”

ಕುಂಚಣ್ಣ ಒಂದೊಂದೇ ಪತ್ರ ಎತ್ತಿ ಓದಿದ. ತಾನು ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ಇಷ್ಟು ಮಕ್ಕಳು ಇಷ್ಟು ಸಂತೋಷದಿಂದ ಹುಡುಕಿದ್ದರೇ ಎಂದು ಎದೆ ತುಂಬಿ ಬಂತು. ಜೊತೆಗೇ, ಹೊಸದಾಗಿ ಕಲಿತ ಹೆಬ್ಬೆರಳು ಬೆರಳತುದಿಯಲ್ಲಿ ತುರಿಸುತ್ತಿತ್ತು.

“ಕೊನೇ ಪುಟದಲ್ಲಿ ಕೈ ಸಿಗುತ್ತಲ್ವಾ ಮೇಡಂ?” ಎಂದ, ಆಸೆಯಿಂದ.

“ಸಿಗುತ್ತೆ. ಆದ್ರೆ ಸೋಪಿನ ನೊರೆ ತುಂಬಿರುತ್ತೆ. ಕೈ ಕಾಣಲ್ಲ.” ಸಂಪಾದಕಿ ತನ್ನ ಬಳಿಯಿದ್ದ ಕತೆಯ ಹಾಳೆ ತಿರುಗಿಸಿದಳು. “ಪುಟ್ಟಿ ಖುಷಿಯಿಂದ ಬರಿಗಾಲಲ್ಲಿ ಕುಣೀತಾಳೆ. ಎರಡು ಪುಟದ ತುಂಬ ಪಾದಗಳೇ, ಹತ್ತಿರದಿಂದ. ಮಕ್ಕಳು ಹತ್ತೂ ಬೆರಳು ಎಣಿಸೋ ಹಾಗಿರ್ಬೇಕು. ಮೇಲಿನವರು ಆ ಚಿತ್ರ ನೋಡದೆ ಸಹಿ ಹಾಕಲ್ಲ. ನಾಳೆ ನಾಲ್ಕು ಗಂಟೆಗೆ ತಂದುಬಿಡಿ.”

ಕುಂಚಣ್ಣ ಕುರ್ಚಿಯಡಿಗೆ ಕಾಲೆಳೆದುಕೊಂಡ. “ಕೆಳಗೆ ಸ್ವಲ್ಪ ಹುಲ್ಲು...”

“ಬಚ್ಚಲಮನೆ ಸರ್ ಅದು. ಅಲ್ಲಿ ಹುಲ್ಲು ಎಲ್ಲಿಂದ ಬರಬೇಕು?”

ಅವನು ಕಟ್ಟಡಕ್ಕೆ ಮರಳಿದಾಗ ಇನ್ನೂ ಬಿಸಿಲಿತ್ತು. ಮೆಟ್ಟಿಲ ತುಂಬ ಜನ ಕಾಯುತ್ತಿದ್ದರು. ಹಳೆಯ ನಂಬರುಗಳು ರದ್ದಾಗಿ ಹೊಸವು ಬಂದಿದ್ದವು. ಪೋಸ್ಟ್‌ಮಾಸ್ಟರೂ ಕಾರ್ಯದರ್ಶಿಗಳೂ ಒಂದೇ ಮೆಟ್ಟಿಲ ಮೇಲೆ ಕೂತು ಒಬ್ಬರ ತೋಳನ್ನೊಬ್ಬರು ನೀವಿಕೊಳ್ಳುತ್ತಿದ್ದರು. ಅವನನ್ನು ಕಂಡದ್ದೇ ತಡ, ಎಲ್ಲ ಕೈಗಳೂ ಮುಂದಕ್ಕೆ ಬಂದವು.

ಸಾಕು ಈ ಸುಳ್ಳು ಎನ್ನಿಸಿತು ಕುಂಚಣ್ಣನಿಗೆ. ಪತ್ರಗಳನ್ನು ಓದಿ ಬಂದ ಧೈರ್ಯವೂ ಇತ್ತು.

“ನೋಡಿ, ನಂಗೆ ಭವಿಷ್ಯಗಿವಿಷ್ಯ ಏನೂ ಗೊತ್ತಿಲ್ಲ” ಎಂದ ಗಟ್ಟಿಯಾಗಿ. “ನಂಗೆ ಕೈ ಬರೆಯೋಕೆ ಬರ್ತಿರಲಿಲ್ಲ, ಅದಕ್ಕೇ ನಿಮ್ಮ ಕೈ ನೋಡಿದೆ. ಈಗ ಬರುತ್ತೆ, ಆದ್ರೆ ಬೇಡವಂತೆ. ಪಾದ ಬೇಕಂತೆ. ಪಾದ ಬರೆಯೋಕೂ ನಂಗೆ ಬರಲ್ಲ.”

ಮಹಡಿಯ ಕಂಬಿಗೆ ಒರಗಿ ನಿಂತಿದ್ದ ನರ್ಸಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

“ನಿಜವಾಗಿ ಬಲ್ಲವರು ಯಾವತ್ತೂ ಹೀಗೇ ಹೇಳೋದು” ಎಂದಳು ಟೈಲರಮ್ಮ, ಕತ್ತರಿಯನ್ನು ಎದೆಗವಚಿಕೊಂಡು.

ಪೋಸ್ಟ್‌ಮಾಸ್ಟರು ಬಗ್ಗಿ ಚಪ್ಪಲಿ ಬಿಟ್ಟರು.

“ಒಂದನೇ ನಂಬರ್ ನಂದೇ” ಎಂದರು. “ಯಾವ ಕಾಲು ಕೊಡ್ಲಿ, ಎಡಗಾಲಾ ಬಲಗಾಲಾ?”